ಹಾಡು ಕಟ್ಟಿದ ತಾಯಂದಿರು



ನಮ್ಮ ಮಡಕಶಿರಾ ಕಡೆಯ ಒಂದು ಮದುವೆ ಮನೆಯನ್ನು ನೆನಪಿಗೆ ತಂದುಕೊಳ್ಳಿ. ಧಾರೆ ಮುಗಿದಿದೆ. ಮದುಮಕ್ಕಳನ್ನು ಹಸೆಯ ಮೇಲೆ ಕೂರಿಸಿದ್ದಾರೆ. ಆರತಿ ತಟ್ಟೆ ಸಿದ್ಧವಾಗಿದೆ. "ಯಾರಾದ್ರೂ ಒಂದು ಹಾಡು ಹೇಳ್ರಮ್ಮಾ" ಎಂದು ಹಿರಿಯರೊಬ್ಬರು ಕೂಗುತ್ತಾರೆ. ಓದಿದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕೊನೆಗೆ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತ ಅಜ್ಜಿ ಗಂಟಲು ಸರಿಮಾಡಿಕೊಂಡು ಕನ್ನಡದಲ್ಲಿ ಒಂದು ಆರತಿ ಹಾಡು ಎತ್ತುತ್ತಾರೆ. ಅದು ಮುಗಿಯುತ್ತಿದ್ದಂತೆ ಬೀಗರ ಕಡೆಯ ಇನ್ನೊಬ್ಬ ತಾಯಿ ತೆಲುಗಿನಲ್ಲಿ ಮಂಗಳಹಾರತಿ ಹಾಡುತ್ತಾರೆ. ಎರಡಕ್ಕೂ ಅದೇ ತಟ್ಟೆ, ಅದೇ ದೀಪ. ಯಾವುದು ಕನ್ನಡ, ಯಾವುದು ತೆಲುಗು ಎಂದು ಅಲ್ಲಿ ಯಾರೂ ಎಣಿಸುವುದಿಲ್ಲ. ರಾಯದುರ್ಗದ ಕಡೆ ಹೋದರೂ ಇದೇ ನೋಟ.

ಹಾಡು ಮುಗಿದ ಮೇಲೆ ಆ ಅಜ್ಜಿಯ ಹತ್ತಿರ ಹೋಗಿ, "ಅವ್ವಾ, ಈ ಹಾಡು ಯಾರು ಮಾಡಿದ್ದು?" ಎಂದು ಕೇಳಿ ನೋಡಿ. "ಯಾರೋ ಹಿಂದಿನೋರು ಕಣಪ್ಪಾ, ನಮ್ಮತ್ತೆ ಹೇಳ್ತಿದ್ರು, ನಾನು ಕಲ್ತೆ" ಎಂಬ ಉತ್ತರ ಬರುತ್ತದೆ. ಅತ್ತೆಗೆ ಅವರ ತಾಯಿ ಕಲಿಸಿರುತ್ತಾರೆ, ತಾಯಿಗೆ ಅವರ ಅಜ್ಜಿ. ಹೀಗೆ ಹಿಂದೆ ಹಿಂದೆ ಹೋದರೆ, ಎಲ್ಲೋ ಒಂದು ಕಡೆ ಆ ಹಾಡನ್ನು ಮೊದಲ ಸಲ ಕಟ್ಟಿ ಹಾಡಿದವರು ಇರಲೇಬೇಕಲ್ಲವೇ? ಹಾಡು ತಾನಾಗಿ ಹುಟ್ಟುವುದಿಲ್ಲ. ಹೀಗೆ ಹಾಡು ಕಟ್ಟಿದ ಕೆಲವು ಹೆಣ್ಣುಮಕ್ಕಳ ಚರಿತ್ರೆಯನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ನಮ್ಮವರ ಮಾತು ಮೊದಲು. ಆಮೇಲೆ ಸ್ವಲ್ಪ ದೂರ, ಫ್ರಾನ್ಸ್ ದೇಶದವರೆಗೂ ಹೋಗಿ ಬರೋಣ. ಹೋಗುವುದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಮೊದಲಿಗೆ ಹರಪನಹಳ್ಳಿ ಭೀಮವ್ವನವರು. ಹೊಸಪೇಟೆ ಸೀಮೆಯ ನಾರಾಯಣಕೆರೆಯಲ್ಲಿ 1823ರಲ್ಲಿ ಹುಟ್ಟಿದವರು. ಆ ಕಾಲದ ವಾಡಿಕೆಯಂತೆ ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಹರಪನಹಳ್ಳಿಯ ಮುನಿಯಪ್ಪನವರ ಮನೆ ಸೇರಿದರು. ಗಂಡನಿಗೂ ಹೆಂಡತಿಗೂ ವಯಸ್ಸಿನಲ್ಲಿ ಬಹಳ ಅಂತರವಿತ್ತು. ಮೂವತ್ತೈದರ ಸುಮಾರಿಗೆ ಭೀಮವ್ವ ವಿಧವೆಯಾದರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ 1903ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಕಟ್ಟಿದ ಹಾಡುಗಳು ನೂರನ್ನು ದಾಟಿದ್ದವು. ಆರತಿ ಹಾಡು, ಮದುವೆಯ ಹಾಡು, ದೇವರ ಕೀರ್ತನೆ, ಇವುಗಳ ಜೊತೆಗೆ 'ನಳಚರಿತ್ರೆ'ಯಂಥ ಉದ್ದನೆಯ ಕಥೆಯ ಹಾಡುಗಳನ್ನೂ ಕಟ್ಟಿದರು. ವಿಧವೆಯಾದ ಹೆಣ್ಣುಮಗಳನ್ನು ಶುಭಕಾರ್ಯದ ಮುಂದಿನ ಸಾಲಿನಿಂದ ಹಿಂದಕ್ಕೆ ಸರಿಸುತ್ತಿದ್ದ ಕಾಲ ಅದು. ಆ ಸ್ಥಿತಿಯಲ್ಲಿದ್ದವರು ಕಟ್ಟಿದ ಹಾಡನ್ನು ಮುತ್ತೈದೆಯರು ಆರತಿ ಎತ್ತುವಾಗ ಹಾಡುತ್ತ ಬಂದಿದ್ದಾರೆ. ಇದನ್ನು ಸ್ವಲ್ಪ ಯೋಚಿಸಬೇಕು.

"ಹರಪನಹಳ್ಳಿ ಕರ್ನಾಟಕದ್ದು, ನಮಗೇನು?" ಎಂದು ಯಾರಾದರೂ ಕೇಳಬಹುದು. ಗಡಿ ಎಲ್ಲಿತ್ತು, ಯಾವಾಗ ಬಂತು ಎಂಬುದನ್ನು ನೋಡೋಣ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಅದಕ್ಕೇ ಇದಕ್ಕೆ ದತ್ತಮಂಡಲ ಎಂದು ಹೆಸರು. 1808ರಲ್ಲಿ ಅದನ್ನು ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆ ಮಾಡಿದರು. ಆಗ ಹರಪನಹಳ್ಳಿ, ರಾಯದುರ್ಗ, ಮಡಕಶಿರಾ ಮೂರೂ ಬಳ್ಳಾರಿ ಜಿಲ್ಲೆಯ ಊರುಗಳು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾದಾಗ ಮಡಕಶಿರಾ ಈಚೆಗೆ ಬಂತು. ಆಗ ಭೀಮವ್ವನವರಿಗೆ ಐವತ್ತೊಂಬತ್ತು ವರ್ಷ. ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ರಾಯದುರ್ಗ ಅನಂತಪುರ ಜಿಲ್ಲೆಯದಾಯಿತು. ಆಮೇಲೂ ಗೆರೆಗಳು ಬದಲಾಗುತ್ತಲೇ ಇವೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹರಪನಹಳ್ಳಿ ಅದಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಅಂದರೆ ಭೀಮವ್ವನವರ ಆಯುಸ್ಸಿನ ಬಹುಭಾಗದಲ್ಲಿ ಅವರೂ ನಮ್ಮ ಹಿರಿಯರೂ ಒಂದೇ ಜಿಲ್ಲೆಯ ಜನ. ಹೆಣ್ಣುಮಕ್ಕಳು ತವರಿನಿಂದ ಗಂಡನ ಮನೆಗೆ ಹೋಗುವಾಗ ಸೀರೆ ಪಾತ್ರೆಯ ಜೊತೆಗೆ ಹಾಡನ್ನೂ ಕೊಂಡೊಯ್ಯುತ್ತಾರೆ. ಅದಕ್ಕೆ ಸುಂಕದ ಕಟ್ಟೆಯಿಲ್ಲ.

ಭೀಮವ್ವನವರಿಗಿಂತ ಸುಮಾರು ಒಂದು ಶತಮಾನ ಹಿಂದೆ ಇದ್ದವರು ಹೆಳವನಕಟ್ಟೆ ಗಿರಿಯಮ್ಮನವರು. ರಾಣೆಬೆನ್ನೂರಿನಲ್ಲಿ ಹುಟ್ಟಿ ಮಲೇಬೆನ್ನೂರಿಗೆ ಸೊಸೆಯಾಗಿ ಬಂದರು. ಮಲೇಬೆನ್ನೂರಿನ ಸಮೀಪದ ಹೆಳವನಕಟ್ಟೆಯ ರಂಗನಾಥಸ್ವಾಮಿ ಅವರ ಆರಾಧ್ಯದೈವ. ಹರಿದಾಸರಲ್ಲಿ ಹೆಸರಾದ ಗೋಪಾಲದಾಸರ ಅನುಗ್ರಹ ಅವರಿಗೆ ದೊರೆಯಿತು ಎಂದು ಸಂಪ್ರದಾಯ ಹೇಳುತ್ತದೆ. 'ಚಂದ್ರಹಾಸನ ಕಥೆ', 'ಸೀತಾಕಲ್ಯಾಣ', 'ಉದ್ದಾಲಿಕನ ಕಥೆ' ಇವು ಅವರ ಕೃತಿಗಳು. ಉದ್ದಾಲಿಕ ಎಂಬ ಋಷಿಗೆ ಚಂಡಿ ಎಂಬ ಹೆಂಡತಿ. ಗಂಡ ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ಮಾಡುವವಳು. ಇಂಥ ಕಥೆಯನ್ನು ಹೆಂಗಸರು ಸಾಲಾಗಿ ಕುಳಿತು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಿಡಿದು, ರಾತ್ರಿಯೆಲ್ಲ ಹಾಡಿ ನಕ್ಕು ಬೆಳಗು ಮಾಡಬಹುದು. ಪುರಾಣದ ಕಥೆ ಪಂಡಿತರ ಓಲೆಗರಿಯಿಂದ ಇಳಿದು ಪಡಸಾಲೆಗೆ, ಅಡುಗೆಮನೆಗೆ ಬಂದದ್ದು ಇಂಥ ತಾಯಂದಿರಿಂದ.

ಇವರ ಹಾಡುಗಳ ಕೊನೆಯ ನುಡಿಯಲ್ಲಿ ಒಂದು ಮುದ್ರೆ ಇರುತ್ತದೆ. ಅದಕ್ಕೆ ಅಂಕಿತ ಎನ್ನುತ್ತಾರೆ. ಪುರಂದರದಾಸರದು ಪುರಂದರ ವಿಠಲ, ಕನಕದಾಸರದು ಕಾಗಿನೆಲೆ ಆದಿಕೇಶವ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಗಿರಿಯಮ್ಮನವರ ಅಂಕಿತ ಹೆಳವನಕಟ್ಟೆ ರಂಗ. ಭೀಮವ್ವನವರದು ಭೀಮೇಶಕೃಷ್ಣ. ಇದರಲ್ಲಿ ಒಂದು ಸೂಕ್ಷ್ಮವಿದೆ. ಪುರಂದರ ಎಂದರೆ ಪುರಂದರದಾಸರ ನೆನಪು ಬರುತ್ತದೆ, ಏಕೆಂದರೆ ದಾಸರಿಗೂ ಅಂಕಿತಕ್ಕೂ ಹೆಸರು ಒಂದೇ. ಆದರೆ ಭೀಮೇಶಕೃಷ್ಣ ಎಂದು ಕೇಳಿದಾಗ ಅದರ ಹಿಂದೆ ಒಬ್ಬ ಹೆಣ್ಣುಮಗಳು ಇದ್ದಾರೆ ಎಂದು ಎಷ್ಟು ಜನಕ್ಕೆ ಹೊಳೆಯುತ್ತದೆ? ದೇವರ ಹೆಸರು ಎಂದುಕೊಂಡು ಕೈ ಮುಗಿದು ಮುಂದೆ ಹೋಗುತ್ತೇವೆ. ದೇವರ ಹೆಸರನ್ನೇ ಇಡುವುದು ಅವರ ಭಕ್ತಿ, ಅದು ಸರಿಯೇ. ಆದರೆ ಆ ಮುದ್ರೆ ಯಾರದು ಎಂದು ತಿಳಿದುಕೊಳ್ಳದಿರುವುದು ನಮ್ಮ ಮರೆವು.

ತೆಲುಗಿನಲ್ಲೂ ಇದೇ ರೀತಿ. ತರಿಗೊಂಡ ವೆಂಗಮಾಂಬ ಎಂಬ ಭಕ್ತೆ 1730ರಿಂದ 1817ರವರೆಗೆ ಬಾಳಿದವರು. ಅವರೂ ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿಕೊಳ್ಳಲು ಒಪ್ಪಲಿಲ್ಲ ಎಂದು ಅವರ ಕಥೆ ಹೇಳುತ್ತಾರೆ. ತಿರುಮಲಕ್ಕೆ ಹೋಗಿ ನೆಲಸಿ 'ವೇಂಕಟಾಚಲ ಮಾಹಾತ್ಮ್ಯಮು' ಮುಂತಾದ ಕೃತಿಗಳನ್ನು ರಚಿಸಿದರು. ನಮ್ಮ ಗಿರಿಯಮ್ಮನವರು ಹೆಳವನಕಟ್ಟೆಯ ರಂಗನನ್ನು ನೆನೆದಂತೆ ಅವರು ತಮ್ಮೂರು ತರಿಗೊಂಡದ ನರಸಿಂಹಸ್ವಾಮಿಯನ್ನು ನೆನೆದರು. ತಿರುಮಲದ ಏಕಾಂತಸೇವೆಯಲ್ಲಿ ಅವರ ಹೆಸರಿನ ಮುತ್ಯಾಲ ಹಾರತಿ ನಡೆಯುತ್ತದೆ. ಒಂದು ದೊಡ್ಡ ದೇವಸ್ಥಾನ ದಿನವೂ ನೆನಪಿಟ್ಟುಕೊಂಡಿರುವುದರಿಂದ ಆ ಹೆಸರು ಉಳಿದಿದೆ. ಎಲ್ಲರಿಗೂ ಆ ಭಾಗ್ಯ ಇಲ್ಲ.

ಹಾಡು ಕಟ್ಟಿದ ಹೆಣ್ಣುಮಕ್ಕಳ ಹೆಸರು ಮರೆಯಾಗುವುದು ನಮ್ಮ ಬಡ ಹಳ್ಳಿಗಳಲ್ಲಿ ಮಾತ್ರವೇ? ಓದು ಬರಹ, ಅಚ್ಚಿನ ಮನೆ, ಅರಮನೆ, ಸಂಗೀತಶಾಲೆ ಎಲ್ಲವೂ ಇದ್ದ ದೇಶದಲ್ಲಿ ಹೇಗಿತ್ತು? ಇದನ್ನು ನೋಡುವುದಕ್ಕಾಗಿಯೇ ಫ್ರಾನ್ಸಿಗೆ ಹೋಗೋಣ ಎಂದದ್ದು. ಅಲ್ಲಿ ಸಂಗೀತ ಕಟ್ಟುವವರು ಪ್ರತಿಯೊಂದು ಸ್ವರವನ್ನೂ ಕಾಗದದ ಮೇಲೆ ಗೆರೆ ಎಳೆದು ಗುರುತು ಹಾಕಿ ಬರೆದಿಡುತ್ತಾರೆ. ಯಾವ ವಾದ್ಯ ಯಾವ ಹೊತ್ತಿನಲ್ಲಿ ಏನು ನುಡಿಸಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಅದಕ್ಕೆ ಸ್ವರಲಿಪಿ ಎನ್ನೋಣ.

1665ರಲ್ಲಿ ಪ್ಯಾರಿಸ್ ನಗರದಲ್ಲಿ, ಸಂಗೀತಗಾರರ ಮತ್ತು ವಾದ್ಯ ಮಾಡುವವರ ಮನೆತನದಲ್ಲಿ ಎಲಿಜಬೆತ್ ಜಾಕೆ ಎಂಬ ಹುಡುಗಿ ಹುಟ್ಟಿದಳು. ಹಾರ್ಪ್ಸಿಕಾರ್ಡ್ ಎಂಬ ವಾದ್ಯ ನುಡಿಸುವುದರಲ್ಲಿ ಎಳೆವೆಯಲ್ಲೇ ನಿಪುಣೆ. ನಮ್ಮ ಹಾರ್ಮೋನಿಯಮ್ಮಿನಂತೆ ಅದಕ್ಕೆ ಬೆರಳಿಡುವ ಮನೆಗಳಿರುತ್ತವೆ, ಆದರೆ ಒಳಗೆ ಗಾಳಿಯ ಬದಲು ತಂತಿ ಮಿಡಿಯುತ್ತದೆ. ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನದಲ್ಲಿ ಆ ಮಗು ನುಡಿಸಿ ಮೆಚ್ಚುಗೆ ಪಡೆಯಿತು. ಮುಂದೆ ಮಾರಿನ್ ದ ಲಾ ಗೇರ್ ಎಂಬ ಸಂಗೀತಗಾರನನ್ನು ಮದುವೆಯಾದರು. 1694ರಲ್ಲಿ ಪ್ಯಾರಿಸ್ಸಿನ ರಾಜಾಶ್ರಯದ ನಾಟಕಶಾಲೆಯಲ್ಲಿ ಅವರ ಸಂಗೀತನಾಟಕ ಪ್ರದರ್ಶನವಾಯಿತು. ಹೆಂಗಸೊಬ್ಬರು ರಚಿಸಿದ ಸಂಗೀತನಾಟಕ ಆ ರಂಗದ ಮೇಲೆ ಬಂದದ್ದು ಅದೇ ಮೊದಲು. ಅದು ಹೆಚ್ಚು ದಿನ ಓಡಲಿಲ್ಲ. ಮುಂದೆ ಒಬ್ಬನೇ ಮಗನನ್ನೂ, 1704ರಲ್ಲಿ ಗಂಡನನ್ನೂ ಕಳೆದುಕೊಂಡರು. ಆದರೂ ಬರೆಯುವುದನ್ನು ಬಿಡಲಿಲ್ಲ. 1708ರಲ್ಲೂ 1711ರಲ್ಲೂ ಕ್ರೈಸ್ತರ ಧರ್ಮಗ್ರಂಥದ ಕಥೆಗಳನ್ನು ಹಾಡಿಗೆ ಅಳವಡಿಸಿ ಅಚ್ಚು ಮಾಡಿಸಿದರು. ಅವುಗಳಲ್ಲಿ ಎಸ್ತೇರ್, ಜೂಡಿತ್, ಸುಸಾನಾ ಎಂಬ ಸ್ತ್ರೀಯರ ಕಥೆಗಳೂ ಇವೆ. ಗಿರಿಯಮ್ಮನವರು ಸೀತೆಯ ಕಥೆ ಹಾಡಿದ್ದು ನಿಮಗೆ ನೆನಪಾಗಬಹುದು. ಎಲಿಜಬೆತ್ 1729ರಲ್ಲಿ ತೀರಿಕೊಂಡರು.

ಅದೇ ಕಾಲದಲ್ಲಿ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದರು. ಅವರ ಆಳ್ವಿಕೆ 1673ರಿಂದ 1704ರವರೆಗೆ. ಆ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದ ಹೊನ್ನಮ್ಮ ಎಂಬ ಹೆಣ್ಣುಮಗಳು 'ಹದಿಬದೆಯ ಧರ್ಮ' ಎಂಬ ಕಾವ್ಯ ಬರೆದರು. ಅದು ಸಾಂಗತ್ಯದಲ್ಲಿದೆ. ಸಾಂಗತ್ಯವೆಂದರೆ ಹಾಡಲಿಕ್ಕೆಂದೇ ಇರುವ ಕನ್ನಡದ ಮಟ್ಟು. ಅಲ್ಲಿ ಲೂಯಿಯ ಅರಮನೆಯಲ್ಲಿ ಒಬ್ಬರು, ಇಲ್ಲಿ ಒಡೆಯರ ಅರಮನೆಯಲ್ಲಿ ಒಬ್ಬರು. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯುವಂತಿರಲಿಲ್ಲ. ಹೊನ್ನಮ್ಮನವರ ಸಾಹಿತ್ಯ ಅಚ್ಚಾಗಿ ನಮ್ಮ ಕೈಯಲ್ಲಿದೆ, ಪಠ್ಯಪುಸ್ತಕದಲ್ಲೂ ಬಂದಿದೆ. ಆದರೆ ಅರಮನೆಯಲ್ಲಿ ಅದನ್ನು ಯಾವ ಧಾಟಿಯಲ್ಲಿ ಹಾಡಿದರು ಎಂಬುದಕ್ಕೆ ಬರಹ ಇಲ್ಲ. ಎಲಿಜಬೆತ್ ಅವರ ರಚನೆಯನ್ನಾದರೋ ಸ್ವರಲಿಪಿ ಬಲ್ಲವರು ಇಂದೂ ನೋಡಿಕೊಂಡು ನುಡಿಸಬಹುದು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಇನ್ನು ನಮ್ಮ ಭೀಮವ್ವನವರ ಕಾಲಕ್ಕೆ ಬರೋಣ. 1804ರಲ್ಲಿ ಹುಟ್ಟಿದ ಲೂಯಿಸ್ ಫರಾಂಕ್ ಎಂಬವರು 1842ರಲ್ಲಿ ಪ್ಯಾರಿಸ್ಸಿನ ಸರ್ಕಾರಿ ಸಂಗೀತಶಾಲೆಯಲ್ಲಿ ಪಿಯಾನೋ ಕಲಿಸುವ ಪ್ರಾಧ್ಯಾಪಕರಾದರು. ಆದರೆ ಅದೇ ಕೆಲಸ ಮಾಡುತ್ತಿದ್ದ ಗಂಡಸರಿಗಿಂತ ಸಂಬಳ ಕಡಿಮೆ. ನಮ್ಮ ಕಡೆ ಕಳೆ ತೆಗೆಯುವ ಹೆಣ್ಣಾಳಿಗೂ ಗಂಡಾಳಿಗೂ ಕೂಲಿಯಲ್ಲಿ ವ್ಯತ್ಯಾಸ ಇರುತ್ತದಲ್ಲ, ಹಾಗೆ. 1850ರಲ್ಲಿ ಒಂಬತ್ತು ವಾದ್ಯಗಳಿಗಾಗಿ ಅವರು ರಚಿಸಿದ ಕೃತಿಯೊಂದು ಪ್ರದರ್ಶನವಾಗಿ ಬಹಳ ಹೆಸರು ಬಂತು. ಆಗ ಅವರು ಸಮಾನ ಸಂಬಳ ಕೇಳಿದರು, ಪಡೆದರು. ದೊಡ್ಡ ವಾದ್ಯಮೇಳಕ್ಕೆ ಮೂರು ಸಿಂಫೊನಿಗಳನ್ನೂ ಬರೆದರು. 1875ರಲ್ಲಿ ಅವರು ತೀರಿಹೋದ ಮೇಲೆ ಆ ಸಿಂಫೊನಿಗಳನ್ನು ನುಡಿಸುವವರು ಇಲ್ಲವಾದರು. ಜನ ಅವರ ಹೆಸರನ್ನು ಮರೆತರು. ನೂರು ವರ್ಷಗಳಿಗೂ ಹೆಚ್ಚು ಕಾಲ ಆ ಕಾಗದಗಳು ಹಾಗೆಯೇ ಇದ್ದವು. ಆದರೆ ಕಾಗದ ಇತ್ತು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ವಿದ್ವಾಂಸರು ಅವನ್ನು ಹೊರಗೆ ತೆಗೆದರು. ಈಗ ಹಲವು ದೇಶಗಳಲ್ಲಿ ಅವನ್ನು ನುಡಿಸುತ್ತಿದ್ದಾರೆ, ಧ್ವನಿಮುದ್ರಿಕೆಗಳೂ ಬಂದಿವೆ.

ಆಗಸ್ಟಾ ಓಲ್ಮೆಸ್ ಎಂಬ ಇನ್ನೊಬ್ಬರು 1847ರಲ್ಲಿ ಹುಟ್ಟಿದವರು. ಹೆಣ್ಣಿನ ಹೆಸರಿನಲ್ಲಿ ಅಚ್ಚಾದರೆ ಯಾರು ಕೊಳ್ಳುತ್ತಾರೆ ಎಂಬ ಕಾಲ. ಅವರು ತಮ್ಮ ಮೊದಮೊದಲ ಹಾಡುಗಳನ್ನು ಹರ್ಮನ್ ಜೆಂಟಾ ಎಂಬ ಗಂಡು ಹೆಸರಿನಲ್ಲಿ ಪ್ರಕಟಿಸಿದರು. ಆಮೇಲೆ ಸ್ವಂತ ಹೆಸರಿನಲ್ಲೇ ಗೆದ್ದರು. ಫ್ರಾನ್ಸಿನ ಮಹಾಕ್ರಾಂತಿಗೆ ನೂರು ವರ್ಷ ತುಂಬಿದ 1889ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಅವರ ರಚನೆಯನ್ನು ಸಾವಿರಕ್ಕೂ ಹೆಚ್ಚು ಕಲಾವಿದರು ಸೇರಿ ಹಾಡಿ ನುಡಿಸಿದರು. ಅವರು ತೀರಿಕೊಂಡದ್ದು 1903ರಲ್ಲಿ. ನಮ್ಮ ಹರಪನಹಳ್ಳಿಯ ಭೀಮವ್ವನವರು ಕಣ್ಣುಮುಚ್ಚಿದ್ದೂ ಅದೇ ವರ್ಷ. ಅದೇ 1903ರಲ್ಲಿ ಫ್ರಾನ್ಸಿನ ಸರ್ಕಾರ ಸಂಗೀತ ರಚಿಸುವವರಿಗೆ ಕೊಡುತ್ತಿದ್ದ ದೊಡ್ಡ ಬಹುಮಾನದ ಸ್ಪರ್ಧೆಗೆ ಹೆಂಗಸರೂ ಬರಬಹುದೆಂದು ಒಪ್ಪಿತು. ರೋಮ್ ಬಹುಮಾನ ಎಂದು ಅದರ ಹೆಸರು. ಹತ್ತು ವರ್ಷಗಳ ಮೇಲೆ, 1913ರಲ್ಲಿ, ಲಿಲಿ ಬುಲಾಂಜೆ ಎಂಬ ಹತ್ತೊಂಬತ್ತರ ಹುಡುಗಿ ಅದರ ಮೊದಲ ಬಹುಮಾನ ಗೆದ್ದಳು. ಆ ವಿಭಾಗದಲ್ಲಿ ಅದನ್ನು ಗೆದ್ದ ಮೊದಲ ಹೆಣ್ಣುಮಗಳು. ಎಳವೆಯಿಂದಲೂ ರೋಗ ಅವಳನ್ನು ಬಿಡಲಿಲ್ಲ. 1918ರಲ್ಲಿ, ಇಪ್ಪತ್ತನಾಲ್ಕು ವರ್ಷಕ್ಕೆ ತೀರಿಕೊಂಡಳು. ಅವಳ ಅಕ್ಕ ನಾದಿಯಾ ದೊಡ್ಡ ಗುರುವಾಗಿ, 1979ರಲ್ಲಿ ತಾವು ತೀರಿಕೊಳ್ಳುವವರೆಗೂ ತಂಗಿಯ ಹಾಡು ಜನರ ಕಿವಿಗೆ ಬೀಳುವಂತೆ ನೋಡಿಕೊಂಡರು.

ಕೇಳುಗರೇ, ಈಗ ಎರಡೂ ಕಡೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಫ್ರಾನ್ಸಿನಲ್ಲಿ ಹೆಸರು ಕಾಗದದ ಮೇಲಿತ್ತು, ಸ್ವರವೂ ಕಾಗದದ ಮೇಲಿತ್ತು, ಹಾಡುವವರು ಇರಲಿಲ್ಲ. ನಮ್ಮಲ್ಲಿ ಹಾಡುವವರು ಇದ್ದರು. ನೂರಾರು ವರ್ಷ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹಾಡು ಬಂತು. ಹೆಸರು ದೇವರ ಅಂಕಿತದ ಹಿಂದೆ ಮರೆಯಾಯಿತು. ಸ್ವರವನ್ನು ಯಾರೂ ಬರೆಯಲಿಲ್ಲ. ಇವೆರಡರಲ್ಲಿ ಯಾವುದು ಮೇಲು ಎಂದು ತೀರ್ಪು ಹೇಳುವುದು ನನ್ನ ಉದ್ದೇಶವಲ್ಲ. ಬಾಯಿಂದ ಬಾಯಿಗೆ ಬಂದ ಹಾಡು ಎಂದೂ ಜೀವಂತ, ಅದಕ್ಕೆ ಸಭಾಂಗಣ ಬೇಡ, ಟಿಕೆಟ್ಟು ಬೇಡ. ಆದರೆ ಅದಕ್ಕೊಂದು ಅಪಾಯವಿದೆ. ಕಾಗದದ ಮೇಲಿನ ಹಾಡು ನೂರು ವರ್ಷ ಸುಮ್ಮನಿದ್ದರೂ ಮತ್ತೆ ಏಳಬಲ್ಲದು. ಬಾಯಲ್ಲಿರುವ ಹಾಡನ್ನು ಒಂದೇ ಒಂದು ತಲೆಮಾರು ಹಾಡದೆ ಬಿಟ್ಟರೆ ಅದರ ಧಾಟಿ ಮತ್ತೆ ಸಿಗುವುದಿಲ್ಲ.

ಇದಕ್ಕೆ ದೂರ ಹೋಗಬೇಕಿಲ್ಲ. ತಾಳ್ಲಪಾಕ ಅನ್ನಮಾಚಾರ್ಯರ ಸಂಕೀರ್ತನೆಗಳನ್ನು ತಾಮ್ರದ ಹಲಗೆಗಳ ಮೇಲೆ ಕೆತ್ತಿಸಿ ತಿರುಮಲದಲ್ಲಿ ಇಟ್ಟಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಅವು ಬೆಳಕಿಗೆ ಬಂದವು. ಹನ್ನೆರಡು ಸಾವಿರಕ್ಕೂ ಹೆಚ್ಚು ಹಾಡುಗಳು. ಸಾಹಿತ್ಯ ಇತ್ತು, ರಾಗದ ಹೆಸರೂ ಇತ್ತು. ಅವರು ಹಾಡಿದ ಧಾಟಿ ಮಾತ್ರ ಇರಲಿಲ್ಲ. ಇಂದು ನಾವು ಕೇಳಿ ತಲೆದೂಗುವ ಧಾಟಿಗಳಲ್ಲಿ ಬಹುಪಾಲು ನಮ್ಮ ಕಾಲದ ವಿದ್ವಾಂಸರು ಹೊಸದಾಗಿ ಕೂಡಿಸಿದವು. ತಾಮ್ರದ ಹಲಗೆಯೂ ಉಳಿಸಲಾಗದ್ದನ್ನು ನಮ್ಮ ಹಳ್ಳಿಯ ಅಜ್ಜಿಯ ಗಂಟಲು ಉಳಿಸಿದೆ. ಭೀಮವ್ವನವರ, ಗಿರಿಯಮ್ಮನವರ ಹಾಡುಗಳ ಸಾಹಿತ್ಯ ಅಚ್ಚಾಗಿ ಪುಸ್ತಕವಾಗಿದೆ. ಆದರೆ ಪುಸ್ತಕ ಬಿಡಿಸಿ ಕಿವಿಗೆ ಇಟ್ಟುಕೊಂಡರೆ ಹಾಡು ಕೇಳಿಸುವುದಿಲ್ಲ.

ಇಲ್ಲಿ ಇನ್ನೊಬ್ಬರನ್ನು ನೆನೆಯಲೇಬೇಕು. ಕನ್ನಡ ತೆಲುಗು ಎರಡೂ ನಾಲಿಗೆಯ ಮೇಲಿರುವ ನಮಗೆ ಅವರು ತೀರ ಹತ್ತಿರದವರು. ಬೆಂಗಳೂರು ನಾಗರತ್ನಮ್ಮನವರು. 1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಸಂಗೀತ ಕಲಿತು ಮದರಾಸಿಗೆ ಹೋಗಿ ದೊಡ್ಡ ಗಾಯಕಿಯಾಗಿ ಹೆಸರು, ಹಣ ಎರಡನ್ನೂ ಗಳಿಸಿದರು. ತಂಜಾವೂರಿನ ಆಸ್ಥಾನದಲ್ಲಿ ಹದಿನೆಂಟನೆಯ ಶತಮಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಕಾವ್ಯ ಬರೆದಿದ್ದರು. ಆ ಕಾವ್ಯ 1887ರಲ್ಲಿ ಒಮ್ಮೆ ಅಚ್ಚಾಗಿತ್ತು. ಆದರೆ ಕವಯಿತ್ರಿ ತಾನು ಯಾರು, ತನ್ನ ವಂಶ ಯಾವುದು ಎಂದು ಹೇಳಿಕೊಂಡ ಭಾಗವನ್ನು ಅದರಲ್ಲಿ ಬಿಟ್ಟಿದ್ದರು. ನಾಗರತ್ನಮ್ಮನವರು ಹಸ್ತಪ್ರತಿ ಹುಡುಕಿ, ಬಿಟ್ಟುಹೋದದ್ದನ್ನೆಲ್ಲ ಸೇರಿಸಿ 1910ರಲ್ಲಿ ಪೂರ್ತಿಯಾಗಿ ಪ್ರಕಟಿಸಿದರು. ಅದು ಅಶ್ಲೀಲ ಎಂದು ಗದ್ದಲವಾಯಿತು. ಇಂಗ್ಲಿಷ್ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಗಂಡಸರು ಬರೆದ ಇಂಥ ಎಷ್ಟೋ ಶೃಂಗಾರಕಾವ್ಯಗಳಿಗೆ ಇಲ್ಲದ ತಡೆ ಇದಕ್ಕೆ ಮಾತ್ರ ಏಕೆ ಎಂಬುದು ನಾಗರತ್ನಮ್ಮನವರ ವಾದ. ತಡೆ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಕಾಲದಲ್ಲಿ.

ಅದೇ ನಾಗರತ್ನಮ್ಮನವರು ತಿರುವೈಯಾರಿನಲ್ಲಿ ಪಾಳು ಬಿದ್ದಿದ್ದ ತ್ಯಾಗರಾಜಸ್ವಾಮಿಗಳ ಸಮಾಧಿಯ ಸ್ಥಳಕ್ಕೆ ತಮ್ಮ ಸ್ವಂತ ಹಣ ಹಾಕಿ ಗುಡಿ ಕಟ್ಟಿಸಿದರು. 1926ರಲ್ಲಿ ಅದರ ಕುಂಭಾಭಿಷೇಕ ನಡೆಯಿತು. ಗುಡಿ ಕಟ್ಟಿಸಿದವರೇ ಆದರೂ ಆರಾಧನೆಯಲ್ಲಿ ಹಾಡಲು ಅವರಿಗೆ ಅವಕಾಶ ಇರಲಿಲ್ಲ, ಹೆಂಗಸು ಎಂಬ ಕಾರಣಕ್ಕೆ. ಅವರು ಹೆಂಗಸರನ್ನೇ ಸೇರಿಸಿಕೊಂಡು ಬೇರೆ ಆರಾಧನೆ ನಡೆಸಿದರು. ಕೊನೆಗೆ 1940ರ ಹೊತ್ತಿಗೆ ಎಲ್ಲ ಪಂಗಡಗಳೂ ಒಂದಾಗಿ, ಹೆಂಗಸರೂ ಹಾಡುವಂತಾಯಿತು. 1952ರಲ್ಲಿ ಅವರು ತೀರಿಕೊಂಡರು. ಕಾವೇರಿ ತೀರದ ಆ ಸನ್ನಿಧಿಯ ಎದುರಿಗೇ ಅವರ ಸಮಾಧಿಯೂ ಇದೆ. ತ್ಯಾಗರಾಜರು ಹಾಡಿದ್ದು ತೆಲುಗಿನಲ್ಲಿ. ಅವರಿಗೆ ಗುಡಿ ಕಟ್ಟಿದ್ದು ನಂಜನಗೂಡಿನ ಮಗಳು. ಗುಡಿ ಇರುವುದು ತಮಿಳುನಾಡಿನಲ್ಲಿ.

ನಾಗರತ್ನಮ್ಮನವರು ಮಾಡಿದ್ದು ಏನು? ಮರೆತುಹೋದ ಒಬ್ಬ ಹೆಣ್ಣುಮಗಳ ಹೆಸರನ್ನು ಅವಳ ಕೃತಿಗೆ ಮತ್ತೆ ಸೇರಿಸಿದರು. ಇದು ನಾವೂ ಮಾಡಬಹುದಾದ ಕೆಲಸ. ಅದಕ್ಕೆ ದೊಡ್ಡ ವಿದ್ವತ್ತು ಬೇಡ.

ನಮ್ಮ ಗಡಿ ಹಳ್ಳಿಗಳ ಸ್ಥಿತಿ ನಿಮಗೇ ಗೊತ್ತು. ಹೇಮಾವತಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ಕಲ್ಲಿನ ಮೇಲಿವೆ. ಸಾವಿರ ವರ್ಷವಾದರೂ ಓದಬಹುದು. ಆದರೆ ಮನೆಯೊಳಗಿನ ಕನ್ನಡಕ್ಕೆ ಕಲ್ಲಿನ ಗಟ್ಟಿತನ ಇಲ್ಲ. ಮಕ್ಕಳು ಶಾಲೆಯಲ್ಲಿ ತೆಲುಗೋ ಇಂಗ್ಲಿಷೋ ಕಲಿಯುತ್ತಾರೆ. ಕಲಿಯಲಿ, ಅನ್ನದ ಭಾಷೆ ಬೇಕು. ತೆಲುಗು ನಮಗೆ ಹೊರಗಿನದೂ ಅಲ್ಲ. ಆದರೆ ಅಜ್ಜಿಯ ಹಾಡಿನ ಪುಸ್ತಕ ಕನ್ನಡ ಅಕ್ಷರದಲ್ಲಿದ್ದು, ಮೊಮ್ಮಗಳಿಗೆ ಆ ಅಕ್ಷರ ಬಾರದಿದ್ದರೆ, ಆ ಪುಸ್ತಕ ಹಳೆಯ ಕಾಗದದ ಜೊತೆ ತೂಕಕ್ಕೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಹೀಗೆ ಆಗಿದೆ. ಈಗ ಮದುವೆ ಮನೆಯಲ್ಲಿ ಆರತಿಯ ಹೊತ್ತಿಗೆ ಮೈಕಿನಲ್ಲಿ ಸಿನಿಮಾ ಹಾಡು ಹಾಕಿಬಿಡುತ್ತಾರೆ. ಅಜ್ಜಿಯನ್ನು ಕೇಳುವುದೇ ಇಲ್ಲ.

ಇನ್ನೊಂದು ಮಾತು. ಅಂಕಿತ ಇರುವ ಹಾಡುಗಳಿಗಾದರೂ ಒಂದು ಗುರುತಿದೆ. ರಾಗಿ ಬೀಸುವಾಗ, ನಾಟಿ ಹಾಕುವಾಗ, ಮಗು ಮಲಗಿಸುವಾಗ ನಮ್ಮ ತಾಯಂದಿರು ಹಾಡಿದ ತ್ರಿಪದಿಗಳಿಗೆ ಯಾವ ಅಂಕಿತವೂ ಇಲ್ಲ. ತವರಿನ ನೆನಪು, ಅಣ್ಣನ ದಾರಿ ಕಾಯುವುದು, ಅತ್ತೆಮನೆಯ ಕಷ್ಟ, ಇವನ್ನೆಲ್ಲ ಮೂರು ಸಾಲಿನಲ್ಲಿ ಹಿಡಿದಿಟ್ಟವರು ಓದು ಬಾರದ ಹೆಣ್ಣುಮಕ್ಕಳು. ಬೀಸುವ ಕಲ್ಲು ಹೋಗಿ ಗಿರಣಿ ಬಂತು. ರಟ್ಟೆಗೆ ಬಿಡುವು ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಕಲ್ಲಿನ ಜೊತೆ ಹಾಡೂ ಮೂಲೆ ಸೇರಿತು. ಅವರ ಹೆಸರು ನಮಗೆ ಇನ್ನು ಸಿಗುವುದಿಲ್ಲ. ಅವರ ಹಾಡನ್ನಾದರೂ ಉಳಿಸಿಕೊಳ್ಳಬಹುದು.

ಅದಕ್ಕೆ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಹಾಡು ಬಲ್ಲ ಹಿರಿಯರು ಇದ್ದರೆ ಈ ವಾರವೇ ಅವರ ಹತ್ತಿರ ಕುಳಿತುಕೊಳ್ಳಿ. ಈಗ ಮನೆಗೊಂದು ಮೊಬೈಲ್ ಫೋನ್ ಇದೆ, ಅದರಲ್ಲಿ ಅವರ ಧ್ವನಿ ಹಿಡಿದಿಡಿ. ಸಾಹಿತ್ಯವನ್ನು ಬರೆದುಕೊಳ್ಳಿ. ಕನ್ನಡ ಅಕ್ಷರ ಬಾರದಿದ್ದರೆ ತೆಲುಗು ಅಕ್ಷರದಲ್ಲೇ ಬರೆಯಿರಿ, ತಪ್ಪೇನಿಲ್ಲ. ಯಾವ ಊರು, ಯಾವ ಸಂದರ್ಭದ ಹಾಡು, ಯಾರಿಂದ ಕಲಿತರು ಎಂದು ಕೇಳಿ ಗುರುತು ಹಾಕಿಕೊಳ್ಳಿ. ಮುಖ್ಯವಾಗಿ, ಹಾಡನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಹೊತ್ತಾಯಿತು ಎಂದು ನಾವು ಬಿಡುವುದು ಸಾಮಾನ್ಯವಾಗಿ ಕೊನೆಯ ನುಡಿಯನ್ನೇ. ಅಂಕಿತ ಇರುವುದು ಆ ಕೊನೆಯ ನುಡಿಯಲ್ಲಿ. ಅದನ್ನು ಬಿಟ್ಟರೆ ಕಟ್ಟಿದವರನ್ನೇ ಮನೆಯಿಂದ ಹೊರಗೆ ಕಳಿಸಿದಂತೆ.

ಮುಂದಿನ ಸಲ ಆರತಿಯ ಹಾಡಿನ ಕೊನೆಯಲ್ಲಿ ಭೀಮೇಶಕೃಷ್ಣ ಎಂಬ ಮಾತು ಕೇಳಿದರೆ ಪಕ್ಕದಲ್ಲಿರುವ ಮಗುವಿಗೆ ಹೇಳಿ, "ಇದು ಹರಪನಹಳ್ಳಿ ಭೀಮವ್ವ ಕಟ್ಟಿದ ಹಾಡು" ಎಂದು. ಹೆಳವನಕಟ್ಟೆ ರಂಗ ಎಂದು ಬಂದರೆ, "ಇದು ಗಿರಿಯಮ್ಮನದು" ಎಂದು ಹೇಳಿ. ಮಗು ಅದನ್ನು ಮರೆಯುವುದಿಲ್ಲ.